ಟೀವಿ ದೊಡ್ಡದಾತು, ಮಾರಿಯೋ ಮಜಾ ಯಾಕ ಸಣ್ಣದಾತು?

ಕುಂದಾ_ಕಾಂಟ್ರಾ, ಬೆಳಗಾವಿ

ನಮಸ್ಕಾರ್ರಿ ಎಲ್ಲಾರಿಗೂ. "ಈಗಿನ ಗೇಮಿನ್ಯಾಗ ಮೊದಲಿನ ಮಜಾ ಇಲ್ಲ" ಅನ್ನೋದು ಎಲ್ಲಾ ಕಡೆ ಕೇಳೋ ಮಾತು. ನನ್ನ ಪ್ರಶ್ನೆ ಬ್ಯಾರೆ ಐತಿ. ಹಳೇ ಗೇಮನ್ನ ಹೊಳ್ಳಿ ಆಡಿದ್ರೂ ಮಜಾ ಬರವಲ್ದು. ವಯಸ್ಸಾತು ಅಂತ ಬಿಟ್ಟುಬಿಡೂದಕ್ಕಿಂತ ಮೊದಲ ಮಷೀನ್ ತಪ್ಪು ಎಷ್ಟೈತಿ ತಿಳಕೋಬೇಕು.

ಸೆಟಪ್: ಕ್ಯಾಸೆಟ್ ಹಾಕೋ 8 ಬಿಟ್ ಟೀವಿ ಗೇಮ್, 43 ಇಂಚಿನ ಎಲ್‌ಇಡಿ ಟೀವಿ, ನಡುವ ಎ.ವಿ ಕೇಬಲ್. ಮಾರಿಯೋ ಜಂಪ್ ಬಟನ್ ಒತ್ತಿದ ಮ್ಯಾಲ ಒಂದ್ ಚೂರು ತಡಾ ಮಾಡಿ ಹಾರ್ತಾನ, ಅಷ್ಟ್ರಾಗ ಗುಂಡಿ ಬಂದಿರ್ತೈತಿ. ಕಾಂಟ್ರಾದಾಗ ಗುಂಡುಗಳು ನಡುವ ಮಾಯ ಆಗ್ತಾವು. ಡಕ್ ಹಂಟ್ ಬಂದೂಕಂತೂ ಒಂದು ಬಾತುಕೋಳಿಗೂ ತಗಲೂದಿಲ್ಲ. ಅದೇ ಮಾರಿಯೋನ ಕಂಪ್ಯೂಟರಿನ್ಯಾಗ ಎಮ್ಯುಲೇಟರ್ (ಹಳೇ ಸೆಟ್ಟಿನಂಗ ನಡಿಯೋ ಸಾಫ್ಟ್‌ವೇರ್) ಮ್ಯಾಲ ಹಾಕಿದ್ರ ಉಲ್ಟಾ, ಯಾರೋ ಬೆನ್ನು ಹತ್ತಿದಂಗ ಓಡ್ತಾನ. ಅದೇ ಕಂಪ್ಯೂಟರಿನ್ಯಾಗ 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸೋ) ಮಾನಿಟರ್ ಮ್ಯಾಲ ಜಿಟಿಎ ಗೇಮುಗಳಾದ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಎರಡೂ ಏನೋ ವಿಚಿತ್ರ ನಡೀತಾವು. ಯಾವುದು ರಿಪೇರಿ ಆಗೋದು, ಯಾವುದು ಆಗದ್ದು?

ಗುಮ್ಮಟದ_ಪ್ರತಿಧ್ವನಿ, ವಿಜಯಪುರ

ಅಣ್ಣಾರ, ನೀವು ಹೇಳಿದ್ದರಾಗ ಬಹುಪಾಲು ಮಷೀನಿಂದೇ ತಪ್ಪು ಅದ. ಮೊದಲು ಅಳೀರಿ, ಆಮ್ಯಾಲ ರೊಕ್ಕಾ ಹಾಕ್ರಿ.

ಮೊಬೈಲಿನ ಸ್ಲೋಮೋಷನ್ ಸೆಕೆಂಡಿಗೆ 240 ಫ್ರೇಮ್‌ಗೆ (ಬಿಡಿ ಚಿತ್ರಕ್ಕ) ಇಡ್ರಿ. ಗೇಮಿನ ರಿಮೋಟ್ ಹಿಡಿದ ಹೆಬ್ಬೆರಳು ಮತ್ತು ಟೀವಿ ಎರಡೂ ಒಂದೇ ಚೌಕಟ್ಟಿನ್ಯಾಗ ಕಾಣಬೇಕು. ಜಂಪ್ ಒತ್ತ್ರಿ. ಬಟನ್ ತಳಾ ಮುಟ್ಟಿದ ಫ್ರೇಮಿಂದ ಮಾರಿಯೋನ ಕಾಲು ನೆಲಾ ಬಿಡೋ ಫ್ರೇಮಿನ ತನಕ ಎಣಿಸಿ 4.2 ರಿಂದ ಗುಣಿಸಿದ್ರ ತಡ ಎಷ್ಟು ಮಿಲಿಸೆಕೆಂಡ್ ಅಂತ ಬರ್ತದ. ಹತ್ತು ಸಲ ತಗೊಂಡು ಸರಾಸರಿ ಹಿಡೀರಿ, ಒಂದೇ ಸಲದ ಲೆಕ್ಕ ನಂಬಬ್ಯಾಡ್ರಿ.

30 ಫ್ರೇಮ್ ಬಂತು ಅಂತ ಇಟ್ಕೋರಿ, ಅಂದ್ರ ಸುಮಾರು 125 ಮಿಲಿಸೆಕೆಂಡ್. ಕೇಳಲಿಕ್ಕೆ ಸಣ್ಣದು. ಆದ್ರ 50 ಹರ್ಟ್ಜ್ ಸೆಟ್ಟಿನ್ಯಾಗ ಗೇಮಿನ ಒಂದು ಫ್ರೇಮ್ ಅಂದ್ರ 20 ಮಿಲಿಸೆಕೆಂಡ್, ಹಂಗಾಗಿ ಆರು ಫ್ರೇಮ್ ಹೋದವು. ಬಿ ಬಟನ್ ಹಿಡಿದು ಪೂರಾ ವೇಗದಾಗ ಓಡೋ ಮಾರಿಯೋ ಒಂದು ಫ್ರೇಮಿಗೆ ಎರಡೂವರಿ ಪಿಕ್ಸೆಲ್ ಸರೀತಾನ. ಆರು ಫ್ರೇಮಿಗೆ 15 ಪಿಕ್ಸೆಲ್. ಆ ಗೇಮಿನ ಒಂದು ಇಟ್ಟಂಗಿ ಅಗಲ 16 ಪಿಕ್ಸೆಲ್. ನೀವು ಬಟನ್ ಒತ್ತಿದ ಮ್ಯಾಲ ಅಂವ ಹೆಚ್ಚುಕಡಿಮಿ ಒಂದು ಇಟ್ಟಂಗಿ ಮುಂದ ಹೋಗಿ ಹಾರ್ತಾನ. ಗುಂಡಿಯ ಅಂಚಿನ ಕೊನೇ ಇಟ್ಟಂಗಿ ಮ್ಯಾಲ ಹಾರೋ ರೂಢಿ ಇದ್ದವರಿಗೆ ಸಾವು ಖಾತ್ರಿ.

ಹಳೇ ಡಬ್ಬಾ ಟೀವಿಯೊಳಗ ಸಿಗ್ನಲ್ ಬಂದಂಗನ ಪರದೆ ಮ್ಯಾಲ ಬರೀತಿತ್ತು, ತಡ ಅನ್ನೋದೇ ಇರ್ಲಿಲ್ಲ. ಎಲ್‌ಇಡಿ ಟೀವಿ ಚಿತ್ರ ಹಿಡಿದಿಟ್ಟು, ಹಿಗ್ಗಿಸಿ, ತಿದ್ದಿ ತೋರಿಸ್ತದ. ಅದಕ್ಕೂ ಮ್ಯಾಲ, ಈ ಸೆಟ್‌ಗಳು ಪೂರಾ ಫ್ರೇಮ್ ಕಳಿಸಿದ್ರೂ ಟೀವಿ ಅದನ್ನ ಒಂದು ಸಾಲು ಬಿಟ್ಟು ಒಂದು ಸಾಲು ಬರೋ ಚಿತ್ರ ಅಂತ ತಪ್ಪು ತಿಳಕೊಂಡು ಎರಡೆರಡು ಫ್ರೇಮ್ ಬೆಸೀತದ. ನಿಮ್ಮ ಕಾಂಟ್ರಾ ಗುಂಡು ಮಾಯ ಆಗೋದು ಇಲ್ಲೇ. ಗೇಮ್ ಸೆಟ್ಟಿನ ಚಿತ್ರ ಬಿಡಿಸೋ ಚಿಪ್ ಒಂದು ಸಾಲಿನ್ಯಾಗ 8 ಚಲಿಸೋ ತುಣುಕು ಮಾತ್ರ ತೋರಿಸಬಲ್ಲದು. ಹೆಚ್ಚಾದ್ರ ಗೇಮ್ ಅವನ್ನ ಸರದಿ ಮ್ಯಾಲ ಮಿಣುಕಿಸ್ತದ. ಡಬ್ಬಾ ಟೀವಿಯಾಗ ಅದು ಬರೇ ಮಿಣುಕು, ಎಲ್‌ಇಡಿಯಾಗ ಬೆಸುಗೆಯೊಳಗ ಸಿಕ್ಕು ಅರ್ಧಾ ಗುಂಡು ಅಳಿಸೇ ಹೋಗ್ತಾವ.

ಮಾಡೋದೇನು? ಟೀವಿಯಾಗ ಗೇಮ್ ಮೋಡ್ ಹಾಕ್ರಿ, ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್ ತೆಗೀರಿ, ಚಿತ್ರ 4:3 ಮಾಡ್ರಿ. ಭಾಳ ಟೀವಿಯೊಳಗ ಗೇಮ್ ಮೋಡ್ ಎಚ್‌ಡಿಎಂಐಗೆ ಮಾತ್ರ ಇರ್ತದ, ಎ.ವಿಗೆ ಇರೂದಿಲ್ಲ. ಅದಕ್ಕ ಜನ ನಡುವ ಸಣ್ಣ ಕನ್ವರ್ಟರ್ ಡಬ್ಬಿ ಹಾಕ್ತಾರ. ಒಂದಂತೂ ನೋಡಿ ತಗೋರಿ: ಡಬ್ಬಿ ಮ್ಯಾಲ ಎ.ವಿ ಟು ಎಚ್‌ಡಿಎಂಐ ಅಂತ ಇರಬೇಕು. ಎಚ್‌ಡಿಎಂಐ ಟು ಎ.ವಿ ಉಲ್ಟಾ ದಿಕ್ಕಿಂದು. ಎರಡೂ ಬಣ್ಣ, ಆಕಾರ ಒಂದೇ ಥರ, ಅಂಗಡಿಯವರೂ ಅದಲು ಬದಲು ಕೊಡ್ತಾರ. ಅದಕ್ಕ 5 ವೋಲ್ಟ್ ಪವರ್ ಬೇರೆ ಕೊಡಬೇಕು. ಆದ್ರೂ ಅಗ್ಗದ ಡಬ್ಬಿ ತಾನೂ ಸ್ವಲ್ಪ ತಡ ಸೇರಿಸ್ತದ, ಮಿಣುಕನ್ನೂ ಬೆಸೀತದ. ನನ್ನ ಕೇಳಿದ್ರ ಆ ರೊಕ್ಕಕ್ಕ 14 ಇಲ್ಲಾ 21 ಇಂಚಿನ ಹಳೇ ಡಬ್ಬಾ ಟೀವಿ ಹುಡುಕೋದೇ ಛಲೋ. ಟೀವಿ ರಿಪೇರಿ ಅಂಗಡಿಯ ಮೂಲ್ಯಾಗ ಇನ್ನೂ ಬಿದ್ದಿರ್ತಾವ.

ಬಂದೂಕಿನ ಆಸೆ ಎಲ್‌ಇಡಿ ಮ್ಯಾಲ ಬಿಟ್ಟುಬಿಡ್ರಿ. ಟ್ರಿಗರ್ ಎಳೆದ ತಕ್ಷಣ ಗೇಮ್ ಪರದೆ ಕರಿ ಮಾಡಿ, ಮುಂದಿನ ಫ್ರೇಮಿಗೆ ಬಾತುಕೋಳಿ ಜಾಗದಾಗ ಬಿಳಿ ಚೌಕ ತೋರಿಸ್ತದ. ಬಂದೂಕಿನ ಮೂತಿಯೊಳಗಿನ ಸೆನ್ಸರ್ ಆ ಬಿಳಿ ಬೆಳಕನ್ನ ಆ ಕ್ಷಣದಾಗೇ ಹುಡುಕ್ತದ. ಬೆಳಕು ತಡ ಆಗಿ ಬಂದ್ರ ಅದರ ಲೆಕ್ಕದಾಗ ಗುರಿ ತಪ್ಪಿತು.

ಇನ್ನ ಎಮ್ಯುಲೇಟರ್ ಯಾಕ ಜೋರು? ಇದು ಭಾಳ ಮಂದಿಗೆ ಗೊತ್ತಿಲ್ಲದ್ದು. ಮಾರಿಯೋ 1985ರಾಗ ಜಪಾನಿನ 60 ಹರ್ಟ್ಜ್ ಟೀವಿಗೆ ಬರೆದ ಗೇಮ್. ನಮ್ಮ ಪಾಲ್ (ನಮ್ಮ ದೇಶದ ಟೀವಿ ಸಿಗ್ನಲ್ ಪದ್ಧತಿ) ಟೀವಿಗಂತ ಬಂದ ನಕಲಿ ಸೆಟ್‌ಗಳು ಸಾಮಾನ್ಯವಾಗಿ 50 ಹರ್ಟ್ಜ್ ಮ್ಯಾಲ ಓಡ್ತಿದ್ದವು. ಗೇಮು, ಹಾಡಿನ ತಾಳ ಎರಡೂ ಫ್ರೇಮ್ ಎಣಿಸಿ ನಡಿಯೋದರಿಂದ ಆರಕ್ಕ ಐದು ಪಾಲಿನ ವೇಗ. ನಮ್ಮ ಬೆರಳು ಕಲಿತದ್ದು ಆ ನಿಧಾನದ ಮಾರಿಯೋನ್ನ. ಎಮ್ಯುಲೇಟರ್ ಅಸಲಿ ವೇಗ ತೋರಿಸಿದ್ರ ನಮಗ ಶೇ. 20 ಜೋರು ಅನ್ನಸ್ತದ. ನೆಸ್ಟೋಪಿಯಾ, ಎಫ್‌ಸಿಇಯುಎಕ್ಸ್, ಮೆಸೆನ್ ಅನ್ನೋ ಮೂರೂ ಎಮ್ಯುಲೇಟರಿನ್ಯಾಗ ರೀಜನ್ ಅನ್ನೋ ಕಡೆ ಡೆಂಡಿ ಅಂತ ಆಯ್ಕೆ ಅದ. ಡೆಂಡಿ ಅಂದ್ರ ರಷ್ಯಾದಾಗ ಮಾರಿದ ಇದೇ ಜಾತಿಯ ನಕಲಿ ಸೆಟ್. ಪಾಲ್ ಆರಿಸಬ್ಯಾಡ್ರಿ, ಅದರಾಗ ಪ್ರೊಸೆಸರ್ ವೇಗವೂ ಕಡಿಮಿ, ಸ್ವರ ಇಳೀತದ. ಮಾನಿಟರನ್ನ 50 ಅಥವಾ 100 ಹರ್ಟ್ಜ್‌ಗೆ ಇಡ್ರಿ. 60ಕ್ಕ ಇಟ್ರ ಪ್ರತಿ ಐದನೇ ಫ್ರೇಮ್ ಎರಡು ಸಲ ಬಂದು ಪರದೆ ಸರಿಯೋವಾಗ ಜಗ್ಗಿದಂಗ ಕಾಣ್ತದ.

ನವನಗರ_ಲ್ಯಾನ್, ಬಾಗಲಕೋಟೆ

ಪಿಸಿ ಭಾಗ ನಾ ಹೇಳ್ತೀನಿ.

ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಎರಡರಾಗೂ ಡಿಸ್ಪ್ಲೇ ಮೆನುದಾಗ ಫ್ರೇಮ್ ಲಿಮಿಟರ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದಕ್ಕ ಮಿತಿ) ಆನ್ ಇಡ್ರಿ. ಚಿತ್ರ ನುಣುಪಾಗ್ಲಿ ಅಂತ ಆಫ್ ಮಾಡಿ 144ಕ್ಕ ಬಿಟ್ರ ಗೇಮಿನ ಒಳಗಿನ ಲೆಕ್ಕ ಕೆಡ್ತೈತಿ, ಯಾಕಂದ್ರ ಅದನ್ನ 30ರ ಆಸುಪಾಸಿಗೆ ಹೊಂದಿಸ್ಯಾರ. ಸ್ಯಾನ್ ಆಂಡ್ರಿಯಾಸ್‌ನ್ಯಾಗ ಹೀರೋ ಸಿಜೆ ನೀರಿನ್ಯಾಗ ಕೈ ಬಡೀತಾನ, ಮುಂದ ಹೋಗಂಗಿಲ್ಲ. ಅದ ಇದರ ಗುರುತು. ಮೌಸ್ ಪಕ್ಕಕ್ಕ ಒಂದು ವೇಗ, ಮ್ಯಾಲ ಕೆಳಗ ಇನ್ನೊಂದು ವೇಗ ಅನಿಸಿದ್ರ ಸೈಲೆಂಟ್‌ಪ್ಯಾಚ್ ಅನ್ನೋ ತಿದ್ದುಪಡಿ ಫೈಲ್ ಹಾಕ್ರಿ. ಗೇಮ್ ಶುರು ಆಗೂಕಿಂತ ಮೊದಲ ಬಿದ್ರ ಡಾಕ್ಯುಮೆಂಟ್ಸ್ ಫೋಲ್ಡರಿನ ವೈಸ್ ಸಿಟಿ ಯೂಸರ್ ಫೈಲ್ಸ್ ಒಳಗಿನ ಜಿಟಿಎ_ವಿಸಿ.ಸೆಟ್ ಫೈಲ್ ಅಳಸ್ರಿ. ಸೆಟ್ಟಿಂಗ್ ಅಷ್ಟ ಹೋಗ್ತಾವು, ಸೇವ್ ಹೋಗಂಗಿಲ್ಲ.

ಹಳೇ ಒರಿಜಿನಲ್ ಸಿಡಿ ಇದ್ದವರಿಗೆ ಒಂದು ಮಾತು. 2015ರಾಗ ವಿಂಡೋಸ್ 10 ಬಂದಾಗ ಸೇಫ್‌ಡಿಸ್ಕ್ ಅನ್ನೋ ನಕಲು ತಡೆಯ ಡ್ರೈವರ್ ತಗದಹಾಕಿದ್ರು. ಅಂಥಾ ಸಿಡಿ ಇನ್‌ಸ್ಟಾಲ್ ಆಗ್ತೈತಿ, ಓಡಂಗಿಲ್ಲ. ಸಿಡಿ ಉಜ್ಜಿ ಉಜ್ಜಿ ಕೆಡಿಸಬ್ಯಾಡ್ರಿ.

ಆದ್ರ ನಿಜವಾದ ಮಜಾ ಬೇಕಂದ್ರ ಕೌಂಟರ್ ಸ್ಟ್ರೈಕ್ 1.6 ಅನ್ನೋ ಗುಂಡಿನ ಗೇಮಿಗೆ ಲ್ಯಾನ್ (ಕಂಪ್ಯೂಟರ್‌ಗಳ ನಡುವ ಕೇಬಲ್ ಜೋಡಣಿ) ಹಾಕ್ರಿ. ವೈಫೈ ಬ್ಯಾಡ, 2.4 ಗಿಗಾಹರ್ಟ್ಜ್‌ನ್ಯಾಗ ಪಿಂಗ್ (ಸಂದೇಶ ಹೋಗಿ ಬರೋ ತಡ) ಜಿಗಿದಾಡ್ತೈತಿ. 8 ಪೋರ್ಟಿನ ಸ್ವಿಚ್ ಒಂದು, ಕ್ಯಾಟ್ 5ಇ ಕೇಬಲ್. ತುದಿ ಒತ್ತೋವಾಗ ಎರಡೂ ಕಡೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ಬಾಜೂ ಬಾಜೂ ಬರಂಗಿಲ್ಲ, ನಡುವ ನೀಲಿ ಜೋಡಿ ಕೂಡ್ತೈತಿ. ಹೊಸಬರು ತಪ್ಪೋದು ಇಲ್ಲೆ.

ಎಲ್ಲಾ ಮಷೀನಿಗೂ 192.168.1.10, 11, 12 ಹಿಂಗ ಐಪಿ (ನೆಟ್‌ವರ್ಕ್ ವಿಳಾಸ), ಸಬ್‌ನೆಟ್ 255.255.255.0. ಸರ್ವರ್ ಮಷೀನಿನ ಕನ್ಸೋಲ್‌ನ್ಯಾಗ ಎಸ್‌ವಿ_ಲ್ಯಾನ್ 1, ಫೈರ್‌ವಾಲಿನ್ಯಾಗ ಯುಡಿಪಿ 27015 ಬಿಡ್ರಿ. ಆಡೋರು ರೇಟ್ 25000, ಎಫ್‌ಪಿಎಸ್_ಮ್ಯಾಕ್ಸ್ 100. "ಲ್ಯಾನ್ ಸರ್ವರ್ಸ್ ಆರ್ ರಿಸ್ಟ್ರಿಕ್ಟೆಡ್ ಟು ಲೋಕಲ್ ಕ್ಲೈಂಟ್ಸ್" ಅಂತ ಬಂತಂದ್ರ ಯಾರೋ ಒಬ್ಬಾಂವ ಮೊಬೈಲ್ ಹಾಟ್‌ಸ್ಪಾಟಿಗೆ ಅಂಟಿಕೊಂಡಾನ, ಅವನ ಐಪಿ ಬ್ಯಾರೆ ಸಾಲಿನ್ಯಾಗ ಐತಿ. ವೈಫೈ ಆಫ್ ಮಾಡಸ್ರಿ.

ನಮ್ಮ ಕಡೆ ಬ್ಯಾಸಗಿ ಬಗ್ಗೆ ಬ್ಯಾರೆ ಹೇಳಬೇಕಾ? ಏಪ್ರಿಲ್-ಮೇದಾಗ 40 ಡಿಗ್ರಿ ದಾಟಿದ್ರ ಲ್ಯಾಪ್‌ಟಾಪ್ ಪ್ರೊಸೆಸರ್ 95 ಡಿಗ್ರಿ ಹತ್ರ ಹೋಗಿ ತಾನ ವೇಗ ಇಳಿಸಿಕೊಳ್ತೈತಿ. ಹತ್ತು ನಿಮಿಷ ಛಲೋ ನಡೆದು ಆಮ್ಯಾಲ ಜಗ್ಗಾಕ ಹತ್ತಿದ್ರ ಅದ ಕಾರಣ. ಫ್ಯಾನಿನ ಧೂಳು ತಗೀರಿ. ಪವರ್ ಆಪ್ಷನ್ಸ್‌ನ್ಯಾಗ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99% ಮಾಡಿದ್ರ ಟರ್ಬೋ (ಪ್ರೊಸೆಸರಿನ ಹೆಚ್ಚುವರಿ ವೇಗ) ನಿಂತು ಬಿಸಿ ಇಳೀತೈತಿ. ಹಳೇ ಗೇಮಿಗೆ ಟರ್ಬೋ ಬೇಕಾಗೂದೂ ಇಲ್ಲ.

ಕರದಂಟು_64, ಅಮೀನಗಡ

ಗುಮ್ಮಟದವರ ಮಾತು ಅರ್ಧಾ ಒಪ್ಪತೀನಿ. ತಡ ತಗದ್ರ ಮಾರಿಯೋ ಸರಿ ಹೋಗ್ತಾನ, ಖರೆ. ಆದ್ರ ಹೊಸ ಗೇಮಿನ ಬ್ಯಾಸರಕ್ಕ ಟೀವಿ ಕಾರಣ ಅಲ್ಲ. ಮಾರಿಯೋ ಕ್ಯಾಸೆಟ್ಟಿನ್ಯಾಗ ಇರೋದು 40 ಕೆಬಿ. ಸ್ವಿಚ್ ಹಾಕಿದ್ರ ಆಟ. ರೆಡ್ ಡೆಡ್ ರಿಡೆಂಪ್ಷನ್ 2 ಸುಮಾರು 150 ಜಿಬಿ. 40 ಎಂಬಿಪಿಎಸ್ ಲೈನ್ ಒಂದ್ ಸಲನೂ ಕಡೀದ ಓಡಿದ್ರೂ ಇಳಿಸಾಕ ಎಂಟು ತಾಸು 20 ನಿಮಿಷ. ಮೊಬೈಲ್ ಗೇಮ್ ತಗದ್ರ ದಿನದ ಮಿಷನ್, ಸೀಸನ್ ಪಾಸ್, ಇವತ್ತ ಆಡ್ಲಿಲ್ಲಂದ್ರ ಬಹುಮಾನ ಹೋತು. ಅದು ಆಟ ಅಲ್ಲರಿ, ಹಾಜರಿ ಪುಸ್ತಕ.

ಗುಮ್ಮಟದ_ಪ್ರತಿಧ್ವನಿ, ವಿಜಯಪುರ

@ಕರದಂಟು_64, ಹಾಜರಿ ಪುಸ್ತಕದ ಮಾತಿಗೆ ತಕರಾರಿಲ್ಲ. ಆದ್ರ ಎಲ್ಲಾ ಹೊಸ ಗೇಮೂ ಹಂಗಿಲ್ಲ. 2018ರ ಸೆಲೆಸ್ಟ್ ನೋಡ್ರಿ. ಅಂಚು ದಾಟಿ ಕಾಲು ಗಾಳಿಗೆ ಬಂದ ಮ್ಯಾಲೂ ಸೆಕೆಂಡಿನ ಹತ್ತನೇ ಒಂದು ಪಾಲು ಜಂಪ್ ಒತ್ತಲಿಕ್ಕೆ ಬಿಡ್ತದ. ನೆಲಾ ಮುಟ್ಟೂಕಿಂತ ಚೂರು ಮೊದಲೇ ಒತ್ತಿದ್ರೂ ನೆನಪಿಟ್ಟು ಹಾರಿಸ್ತದ. ಮಾರಿಯೋದಾಗ ಈ ಮಾಫಿ ಇಲ್ಲ, ಆಗಿನ ಟೀವಿಗೆ ಅದು ಬೇಕೂ ಇರ್ಲಿಲ್ಲ. ಅದಕ್ಕೇ ಒಂದೇ ಟೀವಿಯಾಗ ಸೆಲೆಸ್ಟ್ ಹಿತ ಅನ್ನಸ್ತದ, ಮಾರಿಯೋ ಕೈ ಕೊಡ್ತಾನ. ಬಾಜೂ ಕೂತು ಇಬ್ಬರು ಆಡ್ಲಿಕ್ಕೆ 2017ರ ಕಪ್‌ಹೆಡ್ ಅದ, ಕಾಂಟ್ರಾದ ಬೈಗುಳ ಎಲ್ಲಾ ಅಲ್ಲೂ ಕೇಳಸ್ತಾವ.

ಕುಂದಾ_ಕಾಂಟ್ರಾ, ಬೆಳಗಾವಿ

ಅಳತಿ ಆತ್ರಿ. ಎ.ವಿ ಕೇಬಲ್ ಮ್ಯಾಲ 31 ಫ್ರೇಮ್, ಅಂದ್ರ 130 ಮಿಲಿಸೆಕೆಂಡ್. ಪಿಸಿಯಿಂದ ಎಚ್‌ಡಿಎಂಐ, ಗೇಮ್ ಮೋಡ್, ವೈರ್ ಇದ್ದ ಯುಎಸ್‌ಬಿ ರಿಮೋಟ್ ಹಾಕಿದ್ರ 12, ಅಂದ್ರ 50. ಡೆಂಡಿ ಮಾಡಿದ ಕೂಡ್ಲೆ ಹಾಡು ಕಿವಿಗೆ ಸರಿ ಹೊಂದ್ತು. ಲಿಮಿಟರ್ ಆನ್ ಮಾಡಿದೆ, ಸಿಜೆ ಈಜಾಕತ್ತಾನ.

21 ಇಂಚಿನ ಡಬ್ಬಾ ಟೀವಿನೂ ಸಿಕ್ಕೈತಿ, ಆದ್ರ ಎಡ ಮೂಲ್ಯಾಗ ಹಸಿರು ಕಲೆ. ಮತ್ತ ಬೆಳಗಾವಿ ಮಳಿಗೆ ಕ್ಯಾಸೆಟ್ ಪಿನ್ ಹಸಿರು ಹಿಡದಾವು, ಊದಿದ್ರೂ ಓಡವಲ್ದು.

ಗುಮ್ಮಟದ_ಪ್ರತಿಧ್ವನಿ, ವಿಜಯಪುರ

ಊದಬ್ಯಾಡ್ರಿ, ಬಾಯಿ ಪಸೆಯಿಂದನ ಪಿನ್ ಇನ್ನಷ್ಟು ಹಸಿರು ಹಿಡಿಯೋದು. ಬಿಳಿ ರಬ್ಬರಿನಿಂದ 60 ಪಿನ್ನೂ ಉದ್ದಕ್ಕ ತಿಕ್ಕ್ರಿ, ಅಡ್ಡ ಬ್ಯಾಡ. 99% ಐಸೊಪ್ರೊಪೈಲ್ ಆಲ್ಕೋಹಾಲಿನ್ಯಾಗ ಅದ್ದಿದ ಹತ್ತಿ ಕಡ್ಡಿಯಿಂದ ಪುಡಿ ಒರಸ್ರಿ, ಐದು ನಿಮಿಷ ಆರ್ಲಿ. ಕ್ಯಾಸೆಟ್ ಹಾಕಿ ತಗದು ನಾಕು ಸಲ ಮಾಡಿದ್ರ ಸೆಟ್ಟಿನ ಒಳಗಿನ ಪಿನ್ನೂ ಸ್ವಚ್ಛ ಆಗ್ತಾವ.

ಟೀವಿ ಬಾಜೂ ಇರೋ ಸ್ಪೀಕರ್ ದೂರ ಇಡ್ರಿ, ಹಸಿರು ಕಲೆಗೆ ಅದರ ಅಯಸ್ಕಾಂತ ಕಾರಣ ಇರಬಹುದು. ಆಮ್ಯಾಲ ಮೇನ್ ಸ್ವಿಚ್ ಆಫ್ ಮಾಡಿ ಅರ್ಧಾ ತಾಸು ಬಿಟ್ಟು ಹಾಕ್ರಿ. ಆನ್ ಆಗೋವಾಗ ಝಂಯ್ ಅಂತ ಸಪ್ಪಳ ಬರ್ತದಲ್ಲ, ಆಗ ಕಾಂತ ಬಿಡಿಸೋ ಸುರುಳಿ ಕೆಲಸ ಮಾಡ್ತದ. ತಣ್ಣಗಾದ ಮ್ಯಾಲಷ್ಟೇ ಅದು ಹೊಳ್ಳಿ ನಡೀತದ, ಹಂಗಾಗಿ ಟೀವಿ ರಿಮೋಟಿಂದ ಆಫ್-ಆನ್ ಮಾಡಿದ್ರ ಉಪಯೋಗಿಲ್ಲ. ಮೂರು ನಾಕು ಸಲ ಮಾಡಿದ್ರೂ ಹೋಗದಿದ್ರ ಮೆಕ್ಯಾನಿಕ್ ಕಡೆ ಒಯ್ಯ್ರಿ. ಹಿಂದಿನ ಮುಚ್ಚಳ ನೀವು ಬಿಚ್ಚಬ್ಯಾಡ್ರಿ, ಪ್ಲಗ್ ತಗದ ಮ್ಯಾಲೂ ಒಳಗ ಸಾವಿರಾರು ವೋಲ್ಟ್ ಉಳಿದಿರ್ತದ.

ಕಾಂಟ್ರಾ ಇಬ್ಬರು ಆಡೋದಾದ್ರ: ಮ್ಯಾಲ, ಮ್ಯಾಲ, ಕೆಳಗ, ಕೆಳಗ, ಎಡ, ಬಲ, ಎಡ, ಬಲ, ಬಿ, ಎ, ಆಮ್ಯಾಲ ಸೆಲೆಕ್ಟ್, ಕಡೀಕ ಸ್ಟಾರ್ಟ್. ಸೆಲೆಕ್ಟ್ ಮರೆತ್ರ 30 ಜೀವಾನೂ ಒಬ್ಬಂವಗೇ ಹೋಗ್ತಾವ, ಬಾಜೂ ಕೂತಾಂವ ಜಗಳಾ ತಗೀತಾನ.