ಬಿ.ಆರ್ಕ್ ಮೊದಲ ವರ್ಷ: ಡ್ರಾಯಿಂಗ್‌ಗೆ ಕೈ ಕುದುರುತ್ತಿಲ್ಲ, ನೀವೆಲ್ಲ ಹೇಗೆ ಕಲಿತಿರಿ?

ಪ್ರಶ್ನೆ (ಹಾಸನ, ಮೊದಲ ವರ್ಷ)

ಪಿಯುಸಿಯಲ್ಲಿ ಪಿಸಿಎಂ ಓದಿ, ನಾಟಾ (ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ) ಬರೆದು ಈ ವರ್ಷ ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಡಿಗ್ರಿ, ಸೇರಿದೆ. ಕ್ಲಾಸಲ್ಲಿ ಅರ್ಧ ಜನ ಚಿಕ್ಕಂದಿನಿಂದ ಡ್ರಾಯಿಂಗ್ ಕಲಿತವರು. ನನ್ನ ಗೆರೆ ನಡುಗುತ್ತೆ, ಶೀಟ್ ಕೊಳೆಯಾಗುತ್ತೆ. ಪ್ಲಾನ್ ಹೇಗೋ ಬರುತ್ತೆ, ಸೆಕ್ಷನ್ (ಕಟ್ಟಡವನ್ನು ನೆಟ್ಟಗೆ ಕೊಯ್ದ ಹಾಗೆ ತೋರಿಸುವ ಡ್ರಾಯಿಂಗ್) ಅಂದರೆ ಭಯ. ದಿನಾ ಏನು ಅಭ್ಯಾಸ ಮಾಡಬೇಕು? ಇಲ್ಲಾ ಸುಮ್ನೆ ಕಂಪ್ಯೂಟರಲ್ಲಿ ಬರೆಯುವ ಆಟೋಕ್ಯಾಡ್ ಕಲಿತುಬಿಡಲಾ?

ಉತ್ತರ (ಮೈಸೂರು, ಐದನೇ ವರ್ಷ)

ಮೊದಲು ಕೊಳೆಯ ವಿಷಯ ಮುಗಿಸೋಣ, ಅದು ಸುಲಭ. ಟಿ-ಸ್ಕೇಲ್, ಸೆಟ್ ಸ್ಕ್ವೇರ್‌ಗಳನ್ನು ಆಗಾಗ ಸೋಪು ಹಾಕಿ ತೊಳೆಯಿರಿ. ಕೊಳೆ ಬರುವುದು ಬಹುಪಾಲು ಸೆಟ್ ಸ್ಕ್ವೇರ್ ಪೆನ್ಸಿಲ್ ಪುಡಿಯನ್ನು ಎಳೆದಾಡುವುದರಿಂದ. ಎತ್ತಿ ಇಡಿ, ಜಾರಿಸಬೇಡಿ. ಮೇಲಿನಿಂದ ಕೆಳಕ್ಕೆ ಬರೆಯುತ್ತಾ ಬನ್ನಿ, ಮುಗಿದ ಭಾಗಕ್ಕೆ ಬಟರ್ ಪೇಪರ್ ಮುಚ್ಚಿ. ಶೀಟ್ ಅಂಟಿಸಲು ಮಾಸ್ಕಿಂಗ್ ಟೇಪೇ ಆಗಬೇಕು. ಸೆಲ್ಲೋಟೇಪ್ ಕಾರ್ಟ್ರಿಜ್ ಶೀಟಿನ ಮೂಲೆಯನ್ನೇ ಕಿತ್ತುಕೊಂಡು ಬರುತ್ತೆ.

ಇನ್ನು ಗೆರೆ. ಪೆನ್ಸಿಲನ್ನು ಎಳೆಯುವ ದಿಕ್ಕಿಗೆ ಸ್ವಲ್ಪ ವಾಲಿಸಿ, ಎಳೆಯುತ್ತಲೇ ಬೆರಳಲ್ಲಿ ತಿರುಗಿಸಿ. ತಿರುಗಿಸದಿದ್ದರೆ ಮೊನೆ ಒಂದೇ ಕಡೆ ಸವೆದು, ಶುರುವಲ್ಲಿ ತೆಳ್ಳಗಿದ್ದ ಗೆರೆ ಕೊನೆಗೆ ದಪ್ಪವಾಗಿರುತ್ತೆ. ಗಟ್ಟಿ ಸೀಸದ 2ಎಚ್ ಪೆನ್ಸಿಲಲ್ಲಿ ಹಗುರಾಗಿ ಎಳೆದುಕೊಂಡು, ಆಮೇಲೆ ಅದಕ್ಕಿಂತ ಮೆತ್ತಗಿನ ಎಚ್ ಅಥವಾ ಎಚ್‌ಬಿಯಲ್ಲಿ ಗಟ್ಟಿ ಮಾಡಿ. ಮೂಲೆಯಲ್ಲಿ ಎರಡು ಗೆರೆ ಕೂಡಲೇಬೇಕು. ಚೂರು ದಾಟಿದರೂ ಪರವಾಗಿಲ್ಲ, ಸಂದು ಬಿಟ್ಟರೆ ಇಡೀ ಶೀಟ್ ಸಡಿಲ ಕಾಣುತ್ತೆ. ಫ್ರೀಹ್ಯಾಂಡ್ ಆದರೆ ಎರಡು ಚುಕ್ಕಿ ಇಟ್ಟು, ಗೆರೆ ಮುಟ್ಟಬೇಕಾದ ಚುಕ್ಕಿಯ ಮೇಲೆ ಕಣ್ಣು ನೆಟ್ಟು, ಭುಜದಿಂದ ಕೈ ಆಡಿಸಿ. ತೀರಾ ನಿಧಾನವಾಗಿ ಎಳೆದರೆ ನಡುಕ ಜಾಸ್ತಿ.

ಇಂಕಿಂಗ್ (ಇಂಕ್ ಪೆನ್ನಿನಲ್ಲಿ ಗೆರೆ ಎಳೆಯುವುದು) ಶುರುವಾದಾಗ ಒಂದು ಉಪಾಯ: ಸೆಟ್ ಸ್ಕ್ವೇರಿನ ಅಡಿಗೆ, ಅಂಚಿನಿಂದ ಸ್ವಲ್ಪ ಒಳಗೆ, ಎರಡು ಮೂರು ಪದರ ಟೇಪ್ ಅಂಟಿಸಿ. ಅಂಚು ಕಾಗದಕ್ಕೆ ತಾಗದಿದ್ದರೆ ಇಂಕು ಅಡಿಗೆ ಹರಿಯಲ್ಲ. ಟ್ರೇಸಿಂಗ್ ಪೇಪರ್ ಮೇಲೆ ತಪ್ಪಿದರೆ ಅರ್ಧ ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು, ಉಗುರಿನಿಂದ ಉಜ್ಜಿ ನುಣುಪು ಮಾಡಿ ಮತ್ತೆ ಎಳೆಯಬಹುದು.

ಉತ್ತರ (ಬೆಂಗಳೂರು, ಆರ್ಕಿಟೆಕ್ಟ್, ಸ್ಟುಡಿಯೋ ಪಾಠವನ್ನೂ ಮಾಡುತ್ತೇನೆ)

ನೋಡಮ್ಮ, ಡ್ರಾಯಿಂಗ್ ಕ್ಲಾಸಿಗೆ ಹೋದವರನ್ನು ನೋಡಿ ಹೆದರಬೇಡ. ಅವರಿಗೆ ಶೇಡಿಂಗ್ ಚೆನ್ನಾಗಿ ಬರುತ್ತೆ, ಸಂತೋಷ. ಇಲ್ಲಿ ಪ್ರತಿ ಗೆರೆಯ ಹಿಂದೆ ಒಂದು ವಸ್ತು ಇದೆ, ಆ ವಸ್ತುವಿಗೆ ಒಂದು ಅಳತೆ ಇದೆ. ಅದು ಗೊತ್ತಿಲ್ಲದೆ ಬರೆಯಲು ಹೊರಟಾಗಲೇ ಕೈ ತಡವರಿಸುವುದು. ನಾನು ಹೇಳುವುದು ಒಂದೇ: 5 ಮೀಟರ್ ಟೇಪ್ ಕೊಂಡು ಬ್ಯಾಗಲ್ಲಿಟ್ಟುಕೋ, ಸಿಕ್ಕಿದ್ದನ್ನೆಲ್ಲ ಅಳೆ.

ಹಾಸ್ಟೆಲ್ ರೂಮಿನಿಂದಲೇ ಶುರು ಮಾಡು. ಮೊದಲು ಕೈಯಲ್ಲೇ ದೊಡ್ಡದಾಗಿ ಒಂದು ಕರಡು ಪ್ಲಾನ್ ಬರೆದುಕೋ, ಅಳತೆ ಆಮೇಲೆ. ಒಬ್ಬರು ಟೇಪಿನ ಸೊನ್ನೆ ತುದಿ ಹಿಡಿಯಲಿ, ಇನ್ನೊಬ್ಬರು ಓದಲಿ, ಪ್ಲಾನ್ ಬರೆದವರೇ ಅಂಕಿ ಬರೆದುಕೊಳ್ಳಲಿ. ಗೋಡೆಯುದ್ದಕ್ಕೂ ಟೇಪ್ ಒಮ್ಮೆ ಹಾಸಿದ ಮೇಲೆ ತೆಗೆಯಬೇಡಿ. ಬಾಗಿಲ ಅಂಚು, ಕಿಟಕಿಯ ಅಂಚು ಎಲ್ಲವನ್ನೂ ಅದೇ ಸೊನ್ನೆಯಿಂದ ಓದಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ಸಣ್ಣ ತಪ್ಪೂ ಸೇರುತ್ತಾ ಹೋಗುತ್ತೆ. ಕೋಣೆಯ ಎರಡೂ ಕರ್ಣಗಳ ಅಳತೆ ಬೇಕೇ ಬೇಕು. ಎದುರುಬದುರು ಗೋಡೆಗಳು ಸಮವಾಗಿದ್ದೂ ಕರ್ಣಗಳು ಹೊಂದದಿದ್ದರೆ ಕೋಣೆ ಮೂಲೆಮಟ್ಟಕ್ಕಿಲ್ಲ ಅಂತ ಅರ್ಥ. ಹಳೇ ಮನೆಗಳಲ್ಲಿ ಇದು ಮಾಮೂಲು. ಗೋಡೆ ದಪ್ಪ ಸಿಗುವುದು ಬಾಗಿಲಲ್ಲಿ. ಕಿಟಕಿಯ ಸಿಲ್ (ಕೆಳ ಅಂಚು) ನೆಲದಿಂದ ಎಷ್ಟೆತ್ತರ, ಲಿಂಟಲ್ (ಕಿಟಕಿ ಬಾಗಿಲುಗಳ ಮೇಲಿನ ಅಡ್ಡ ತೊಲೆ) ಎಷ್ಟೆತ್ತರ, ಎಲ್ಲ ಬರೆದುಕೋ.

ಆಮೇಲೆ ಮೆಟ್ಟಿಲು. ಕಾಲೇಜಿನ ಮೆಟ್ಟಿಲು ಅಳೆ, ಮನೆಯದ್ದನ್ನೂ ಅಳೆ. ಹತ್ತುವಾಗ ಮೊಣಕಾಲಿಗೆ ಆದ ವ್ಯತ್ಯಾಸ ಅಂಕಿಯಲ್ಲಿ ಕಾಣುತ್ತೆ. ಒಂದು ಮೆಟ್ಟಿಲು 150 ಮಿ.ಮೀ ಎತ್ತರ, ಕಾಲಿಡುವ ಜಾಗ 300 ಮಿ.ಮೀ ಅಗಲ ಇದ್ದರೆ ಆರಾಮ. 190 ಎತ್ತರ, 250 ಅಗಲ ಇದ್ದರೆ ಅಜ್ಜಿ ಬೈತಾರೆ. ಒಮ್ಮೆ ಹೀಗೆ ಅಳೆದವರು ಸೆಕ್ಷನ್ನಿನಲ್ಲಿ ಮೆಟ್ಟಿಲನ್ನು ಅಂದಾಜಿಗೆ ಗೀಚುವುದಿಲ್ಲ.

ಅಳೆದ ರೂಮನ್ನೇ ಮೂರು ಸ್ಕೇಲಲ್ಲಿ ಬರೆ. 1:200 ಅಂದರೆ ನಿಜ ಅಳತೆಯ ಇನ್ನೂರನೇ ಒಂದು ಭಾಗ. 230 ಮಿ.ಮೀ ಇಟ್ಟಿಗೆ ಗೋಡೆ 1:200ರಲ್ಲಿ ಬರೀ 1.15 ಮಿ.ಮೀ. ಎರಡು ಗೆರೆ ಹಾಕಿ ತುಂಬಿಬಿಟ್ಟರೆ ಮುಗಿಯಿತು. 1:50ರಲ್ಲಿ 4.6 ಮಿ.ಮೀ ಬರುತ್ತೆ, ಕಿಟಕಿ ಚೌಕಟ್ಟು ತೋರಿಸಬಹುದು. 1:20ರಲ್ಲಿ 11.5 ಮಿ.ಮೀ. ಆಗ 12 ಮಿ.ಮೀ ಪ್ಲಾಸ್ಟರಿಗೂ ಅರ್ಧ ಮಿ.ಮೀ ಮೀರಿ ಜಾಗ ಸಿಗುತ್ತೆ, ಅದನ್ನೂ ಕೇಳುತ್ತಾರೆ! ಯಾವ ಸ್ಕೇಲಲ್ಲಿ ಏನು ಬಿಡಬೇಕು ಅನ್ನುವುದು ಇದರಿಂದಲೇ ಬರುತ್ತೆ.

ಉತ್ತರ (ಬೆಂಗಳೂರು, ಆಫೀಸಿನಲ್ಲಿ ನಾಲ್ಕನೇ ವರ್ಷ)

ಸ್ವಲ್ಪ ಭಿನ್ನಾಭಿಪ್ರಾಯ ಇದೆ. ನಮ್ಮ ಆಫೀಸಲ್ಲಿ ಟಿ-ಸ್ಕೇಲ್ ಮುಟ್ಟಿದವರನ್ನೇ ನಾನು ಕಂಡಿಲ್ಲ. ಇಂಕಿಂಗ್, ಬ್ಲೇಡು ಎಲ್ಲ ಮಾರ್ಕ್ಸಿಗೆ ಸರಿ, ಅಲ್ಲೇ ವರ್ಷ ಕಳೆಯಬೇಡಿ. ಎರಡನೇ ಸೆಮಿಸ್ಟರಿನಲ್ಲೇ ಆಟೋಕ್ಯಾಡ್ ಶುರು ಮಾಡಿ.

ಆದರೆ ಅಲ್ಲೂ ಇದೇ ಅಳತೆ, ಸ್ಕೇಲಿನ ತಲೆನೋವು ಬೇರೆ ವೇಷದಲ್ಲಿ ಬರುತ್ತೆ. ಕ್ಯಾಡಲ್ಲಿ ಎಲ್ಲವನ್ನೂ ನಿಜ ಅಳತೆಯಲ್ಲೇ ಬರೆಯುತ್ತೀರಿ, ಸ್ಕೇಲ್ ಬರುವುದು ಪ್ರಿಂಟ್ ಹೊತ್ತಿಗೆ. 1:100ರ ಶೀಟಲ್ಲಿ ಅಕ್ಷರ 2.5 ಮಿ.ಮೀ ಕಾಣಬೇಕಾದರೆ ಮಾಡೆಲ್‌ನಲ್ಲಿ (ನಿಜ ಅಳತೆಯಲ್ಲಿ ಬರೆಯುವ ಜಾಗದಲ್ಲಿ) 250 ಮಿ.ಮೀ ಇಡಬೇಕು. ಸ್ಕ್ರೀನಲ್ಲಿ ಜೂಮ್ ಮಾಡಿ ಬಾಗಿಲ ಹಿಡಿಕೆ ಬರೆದವರ ಪ್ರಿಂಟಲ್ಲಿ ಬರೀ ಕರಿ ಚುಕ್ಕಿ ಇರುತ್ತೆ. ಗೆರೆಗಳ ದಪ್ಪವನ್ನೂ ನೀವೇ ಹೇಳಬೇಕು. ಕತ್ತರಿಸಿದ ಗೋಡೆಗೆ 0.5 ಮಿ.ಮೀ, ಆಚೆ ಕಾಣುವುದಕ್ಕೆ 0.25, ಟೈಲ್ಸ್ ಗೆರೆಗೆ 0.13. ಹೇಳದಿದ್ದರೆ ಎಲ್ಲ ಒಂದೇ ದಪ್ಪ ಬಂದು, ಗೋಡೆ ಯಾವುದು ಟೈಲ್ಸ್ ಯಾವುದು ಗೊತ್ತಾಗಲ್ಲ. ಹಾಗಾಗಿ ಅಳತೆ ವಿಷಯದಲ್ಲಿ ಮೇಲೆ ಬರೆದ ಆರ್ಕಿಟೆಕ್ಟ್ ಮೇಡಂ ಜೊತೆ ನನ್ನ ಜಗಳವಿಲ್ಲ.

ಉತ್ತರ (ಶಿವಮೊಗ್ಗ, ಸೈಟ್ ಇಂಜಿನಿಯರ್)

ಸೈಟಿಂದ ಒಂದು ಮಾತು. ಡ್ರಾಯಿಂಗ್ ಓದುವವರು ಮೇಸ್ತ್ರಿ. ಅವರು ಸ್ಕೇಲ್ ಇಟ್ಟು ಅಳೆಯಲ್ಲ, ಅಂಕಿ ಓದುತ್ತಾರೆ. ಅಂಕಿ ಬಿಟ್ಟರೆ ಫೋನ್ ಬರುತ್ತೆ, ಇಲ್ಲಾ ಅವರೇ ಅಂದಾಜು ಮಾಡುತ್ತಾರೆ. ಎರಡನೆಯದು ದುಬಾರಿ. ನಿಮ್ಮ ಊರಲ್ಲಿ ಮನೆ ಕಟ್ಟುತ್ತಿದ್ದರೆ ಹೋಗಿ ನೋಡಿ. ಪಾಯದಿಂದ ಸಜ್ಜಾವರೆಗೆ ಏನು ಯಾವಾಗ ಬರುತ್ತೆ ಅಂತ ಕೇಳಿ. ಗಾರೆಯವರು ಬೇಸರ ಮಾಡಿಕೊಳ್ಳಲ್ಲ, ಟೀ ಟೈಮಲ್ಲಿ ಹೋದರೆ ಇನ್ನೂ ಒಳ್ಳೇದು.

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ಸೆಕ್ಷನ್ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೀರಾ? ಗೆರೆ ಎಲ್ಲಿ ಕತ್ತರಿಸಬೇಕು ಅನ್ನುವುದೇ ತಿಳಿಯಲ್ಲ. ಮತ್ತೆ ಹಳೇಬೀಡು ಹತ್ತಿರ ಇದೆ, ಅಲ್ಲಿ ಹೋಗಿ ಬರೆಯಬಹುದಾ?

ಉತ್ತರ (ಬೆಂಗಳೂರಿನ ಆರ್ಕಿಟೆಕ್ಟ್)

ಪ್ಲಾನ್ ಬರುತ್ತೆ ಅಂದೆಯಲ್ಲ, ಪ್ಲಾನೂ ಸೆಕ್ಷನ್ನೇ ಕಣಮ್ಮ. ಕಟ್ಟಡವನ್ನು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದು, ಮೇಲಿಂದ ನೋಡಿ ಬರೆದದ್ದು. ಅದಕ್ಕೇ ಅದರಲ್ಲಿ ಕಿಟಕಿ ಕಾಣುವುದು. ಈಗ ಅದೇ ಕತ್ತಿಯನ್ನು ನೆಟ್ಟಗೆ ಹಿಡಿ. ಜಾಸ್ತಿ ವಿಷಯ ಗೊತ್ತಾಗುವ ಕಡೆ ಕೊಯ್ಯಬೇಕು: ಮೆಟ್ಟಿಲು, ಕಿಟಕಿ, ನೆಲದ ಮಟ್ಟ ಬದಲಾಗುವ ಜಾಗ. ಕಂಬವನ್ನೇ ಸೀಳುವ ಹಾಗೆ ಕೊಯ್ಯಬೇಡ, ಗೋಡೆಯೇನೋ ಅನ್ನುವ ಹಾಗೆ ಕಾಣುತ್ತೆ. ಮೊದಲು ಕೊಯ್ದದ್ದನ್ನು ಮಾತ್ರ ದಪ್ಪ ಗೆರೆಯಲ್ಲಿ ಮುಗಿಸು: ನೆಲ, ಗೋಡೆ, ಲಿಂಟಲ್, ಸ್ಲ್ಯಾಬ್. ಆಮೇಲೆ ಹಿಂದೆ ಕಾಣುವುದನ್ನು ತೆಳ್ಳಗೆ. ನಿನ್ನ ಹಾಸ್ಟೆಲ್ ರೂಮಿನ ಅಳತೆ ಕೈಯಲ್ಲಿದೆ, ಅದರ ಸೆಕ್ಷನ್ನೇ ಮೊದಲು ಬರಲಿ.

ಹಳೇಬೀಡಿಗೆ ಧಾರಾಳವಾಗಿ ಹೋಗು. ಆದರೆ ಶಿಲ್ಪ ಬರೆಯಲು ಕೂತರೆ ದಿನ ಮುಗಿಯುತ್ತೆ. ಜಗತಿಯ (ಗುಡಿ ನಿಂತಿರುವ ಕಟ್ಟೆಯ) ಅಂಚು ಎಲ್ಲೆಲ್ಲಿ ಒಳಕ್ಕೆ ಹೊರಕ್ಕೆ ಮುರಿಯುತ್ತೆ ಅನ್ನುವುದನ್ನಷ್ಟೇ ಒಂದು ಬದಿಯಲ್ಲಿ ಹೆಜ್ಜೆ ಹಾಕಿ ಬರೆದುಕೋ. ಇಂಥ ಗುಡಿಗಳ ನಕ್ಷತ್ರಾಕಾರದ ಲೆಕ್ಕ ಸಲೀಸಾಗಿ ಕಾಣಬೇಕಾದರೆ ಸೋಮನಾಥಪುರ ಇನ್ನೂ ವಾಸಿ. ಅಲ್ಲಿನ ಮೂರು ಗರ್ಭಗುಡಿಗಳ ಹೊರಗೋಡೆ ಹದಿನಾರು ಮೂಲೆಯ ನಕ್ಷತ್ರ. ಮನೆಯಲ್ಲೇ ಬರೆದು ನೋಡು: ಒಂದು ಚೌಕ, ಅದನ್ನೇ ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ಮೂರು ಸಲ ತಿರುಗಿಸು. ನಾಲ್ಕು ಚೌಕ, ಹದಿನಾರು ಮೂಲೆ. ಸೆಟ್ ಸ್ಕ್ವೇರಲ್ಲಿ 15, 30, 45, 60, 75 ಸಿಗುತ್ತೆ, 22.5 ಸಿಗಲ್ಲ. ಕಂಪಾಸ್ ತೆಗೆದು 45ನ್ನು ಎರಡಾಗಿ ಸೀಳಬೇಕು.

ಉತ್ತರ (ಮೈಸೂರು, ಐದನೇ ವರ್ಷ)

ಸೋಮನಾಥಪುರಕ್ಕೆ ಬರುವುದಾದರೆ ಹೇಳಿ, ನಮ್ಮ ಜೂನಿಯರ್‌ಗಳೂ ಇದ್ದಾರೆ, ಟೇಪ್ ಹಿಡಿಯಲು ಜನ ಸಿಗುತ್ತಾರೆ. ಗುಡಿಯ ಒಳಗೆ ಅಳೆಯುವ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಿಬಿಡಿ, ಕಾಲೇಜಿನ ಪತ್ರ ಇದ್ದರೆ ಸುಲಭ. ಎ3 ಪ್ಯಾಡ್ ಸಾಕು, ಬೋರ್ಡ್ ಹೊತ್ತು ತರಬೇಡಿ.