ಅಕ್ಕಾ, ಅವರೆ ಬಳ್ಳಿ ಕೀಳಿಸಬೇಡ

ಅಕ್ಕಾ, ಅವಸರ ಮಾಡಿ ಆ ಬಳ್ಳಿ ಕೀಳಿಸಬೇಡ. ಪುಣೆ ಹತ್ತಿರದ ನಿಮ್ಮ ತಳೇಗಾಂವ್ ತೋಟದಲ್ಲಿ ಜೂನ್‌ನಲ್ಲಿ ಹಾಕಿದ ಮಾಗಡಿ ಅವರೆ ಬೇಲಿ ತುಂಬಾ ಹಬ್ಬಿದೆ, ಸೆಪ್ಟೆಂಬರ್ ಮುಗಿಯುತ್ತಾ ಬಂದರೂ ಒಂದು ಹೂವಿಲ್ಲ, ಬೀಜವೇ ಸರಿ ಇಲ್ಲ ಅಂತಿದ್ದಾರೆ ಭಾವ ಅಂತ ಬರೆದಿದ್ದೀಯಲ್ಲ. ಬೀಜದಲ್ಲಿ ಏನೂ ದೋಷ ಇಲ್ಲ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೂ ಹೂ ಬಿಡುವುದೇ ಇಲ್ಲ. ಜೂನ್‌ನಲ್ಲಿ ಹಾಕು, ಆಗಸ್ಟ್‌ನಲ್ಲಿ ಹಾಕು, ಹೂ ಬರುವುದು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಬೇಗ ಹಾಕಿದರೆ ಸುಮ್ನೆ ಎಲೆ ಜಾಸ್ತಿ ಅಷ್ಟೇ. ಊರಲ್ಲಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಹಾಕುತ್ತಿದ್ದರಲ್ಲ, ರಾಗಿ ಕೊಯ್ದ ಮೇಲೆ ಅವರೆ ಒಂದೇ ನಿಂತು ಚಳಿಗೆ ಕಾಯಿ ಕಟ್ಟುತ್ತಿತ್ತು. ಪುಣೆಯಲ್ಲಿ ಜೂನ್ ತಿಂಗಳ ಹಗಲು ಬೆಂಗಳೂರಿಗಿಂತ ಸುಮಾರು 20 ನಿಮಿಷ ಉದ್ದ ಬೇರೆ. ಇನ್ನೂ ಕಾಯಬೇಕು, ಯೂರಿಯಾ ಮಾತ್ರ ಹಾಕಿಸಬೇಡ, ಬಳ್ಳಿ ತುದಿ ಚಿವುಟಿಸು.

ಇನ್ನೊಂದು, ಗೇಟಿನ ಹತ್ತಿರ ರಾತ್ರಿಯೆಲ್ಲಾ ದೊಡ್ಡ ಲೈಟ್ ಉರಿಯುತ್ತದಲ್ಲ, ಆ ಬೇಲಿ ಮೇಲೂ ಬಳ್ಳಿ ಇದೆಯಾ? ಈ ಗಿಡಕ್ಕೆ ಬೇಕಾಗಿರುವುದು ಉದ್ದನೆಯ ಕತ್ತಲು. ಬೆಳಕು ಬೀಳುತ್ತಿದ್ದರೆ ಇನ್ನೂ ಹಗಲೇ ಅಂದುಕೊಂಡು ಬೆಳೆಯುತ್ತಲೇ ಇರುತ್ತದೆ. ಒಂದೆರಡು ತಿಂಗಳು ಲೈಟ್ ಆರಿಸಿ, ಇಲ್ಲ ರಸ್ತೆ ಕಡೆ ತಿರುಗಿಸಿ.

ಭಾವ ಹೆಬ್ಬಾಳ ಅವರೆ ತರಿಸೋಣ ಅಂತಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರ ತಳಿ, 3, 4 ಅಂತೆಲ್ಲಾ ಇದೆ. ಗಿಡ್ಡ ಗಿಡ, ಹಗಲಿನ ಲೆಕ್ಕ ನೋಡದೆ ಯಾವ ಕಾಲಕ್ಕೆ ಹಾಕಿದರೂ ಕಾಯಿ ಬಿಡುತ್ತದೆ. ಮಾರುವವರಿಗೆ ಅದೇ ಸರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮನೆಗೆ ಅಂದರೆ ನಾಟಿಯೇ ನಾಟಿ. ಸೊಗಡು ಇರುವುದು ಕಾಯಿ ಸಿಪ್ಪೆ ಮೇಲಿನ ಜಿಡ್ಡಿನಲ್ಲಿ, ನಾಟಿ ಕಾಯಿ ಸುಲಿದರೆ ಬೆರಳೆಲ್ಲಾ ಅಂಟಂಟು, ಸೋಪು ಹಾಕಿ ತೊಳೆದರೂ ವಾಸನೆ ಹೋಗುವುದಿಲ್ಲ ಅಲ್ವಾ. ಹಿತಕಿದ ಬೇಳೆ ಸಾರಿಗೆ ಬೇಕಾಗಿರುವುದು ಅದೇ. ಹೆಬ್ಬಾಳದ್ದರಲ್ಲಿ ಅಷ್ಟು ಬರುವುದಿಲ್ಲ, ನನ್ನ ನಾಲಿಗೆಗಂತೂ.

ಮಹಾರಾಷ್ಟ್ರದವರೂ ಸುಮ್ಮನಿಲ್ಲ, ರಾಯಗಡದ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ತೇವಕ್ಕೇ ಕಡವೇ ವಾಲ್ ಅನ್ನುವ ಅಲ್ಲಿಯ ಅವರೆ ಬೆಳೆಯುತ್ತಾರೆ, ನೀರೇ ಕಟ್ಟುವುದಿಲ್ಲ. ಚಳಿಗಾಲದಲ್ಲಿ ಎಳೆ ಕಾಯಿ ಮಡಕೆಗೆ ತುಂಬಿ, ಭಾಂಬುರ್ಡಾ ಸೊಪ್ಪು ಮುಚ್ಚಿ, ಬೋರಲು ಹಾಕಿ ಸುತ್ತ ಬೆಂಕಿ ಹಚ್ಚಿ ಪೋಪಟಿ ಮಾಡುತ್ತಾರೆ. ಆದರೆ ಅದರ ಒಣ ಕಾಳು ಕಹಿ. ಅದಕ್ಕೇ ನೆನೆಸಿ, ಮೊಳಕೆ ಬರಿಸಿ, ಸಿಪ್ಪೆ ತೆಗೆದು ಬಿರಡೆ ಅನ್ನುವ ಪಲ್ಯ ಮಾಡುವುದು. ನಮ್ಮ ಹುಳಿಗೆ ಹಾಗೇ ಸುರಿದುಬಿಡಬೇಡ.

ಮಂಡಿಯಿಂದ ತಂದ ಒಣ ಅವರೆ ಆರು ಸೀಟಿ ಕೂಗಿಸಿದರೂ ಬೇಯಲಿಲ್ಲ ಅಂದೆಯಲ್ಲ, ಅದು ಹಳೇ ದಾಸ್ತಾನು ಇರಬೇಕು. ಸೆಕೆ, ಮಳೆಗಾಲದ ತೇವ ಎರಡೂ ಕುಡಿದ ಕಾಳು ಗಟ್ಟಿಯಾಗಿಬಿಡುತ್ತದೆ. ಜೊತೆಗೆ ನಿಮ್ಮ ಸೊಸೈಟಿಯ ಟ್ಯಾಂಕರ್ ನೀರು, ಬಕೆಟ್‌ಗೆ ಬಿಳಿ ಪದರ ಕಟ್ಟುವಷ್ಟು ಗಡಸು. ಫಿಲ್ಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ರಾತ್ರಿಯೆಲ್ಲಾ ನೆನೆಸು. ಉಪ್ಪು ಹಾಕಿದರೆ ಬೇಯುವುದಿಲ್ಲ ಅನ್ನುವ ಮಾತು ಬಿಡು, ನೆನೆಸುವ ನೀರಿನಲ್ಲಿ ಇದ್ದರೆ ಸಿಪ್ಪೆ ಬೇಗ ಮೆತ್ತಗಾಗುತ್ತದೆ. ಆ ನೀರು ಚೆಲ್ಲಿ ಬೇರೆ ಫಿಲ್ಟರ್ ನೀರಲ್ಲೇ ಬೇಯಿಸು. ಹುಣಸೆ, ಟೊಮೆಟೊ ಮಾತ್ರ ಕಾಳು ಪೂರ್ತಿ ಬೆಂದ ಮೇಲೆ. ಸೋಡಾ ಬೇಡ, ಸಿಪ್ಪೆ ಕಳಚಿ ಬಾಯಿಗೆ ಸಾಬೂನು ಬಂದ ಹಾಗಾಗುತ್ತದೆ.

ಹೂ ಬಂದ ಮೇಲೆ ಮೋಡ ಕವಿದರೆ ಸಸ್ಯಹೇನು ಹತ್ತುತ್ತದೆ, ಕಾಯಿಕೊರಕವೂ ಬರುತ್ತದೆ, ಆಗ ಫೋಟೋ ಹಾಕು ನೋಡೋಣ. ಮೊದಲು ಬರುವ ದಪ್ಪ ಕಾಯಿಗಳನ್ನು ಮಾತ್ರ ತಿನ್ನಬೇಡಿ, ಬೀಜಕ್ಕೆ ಅಂತ ಬಳ್ಳಿಯಲ್ಲೇ ಒಣಗಲು ಬಿಟ್ಟು, ಕಾಳು ಬಿಡಿಸಿ ಹರಳೆಣ್ಣೆ ಸವರಿ ಡಬ್ಬಿಗೆ ಹಾಕಿಡಿ. ಮುಂದಿನ ಆಗಸ್ಟ್‌ಗೆ ನನಗೂ ಒಂದು ಹಿಡಿ ಬೇಕು.