ಜೀನು ಕಂಡರೆ ಕಿವಿ ಹಿಂದಕ್ಕೆ ಹಾಕುತ್ತಾಳೆ, ಇನ್ನೊಂದು ಪ್ಯಾಡ್ ಕೊಡಲಾ?

ಗಂಜಾಂ ಸವಾರ:

ನಮಸ್ಕಾರ. ಶ್ರೀರಂಗಪಟ್ಟಣದ ಹತ್ತಿರ ನಮ್ಮ ತೋಟ. ಬೇಸಿಗೆಯಲ್ಲಿ ಒಂದು ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ ತಂದೆವು. ಬಂದಾಗ ಪಕ್ಕೆಲುಬು ಎಣಿಸಬಹುದಿತ್ತು. ಈಗ ನಾಲೆ ಬದಿಯ ಹುಲ್ಲು, ಬೇಯಿಸಿದ ಹುರುಳಿ ತಿಂದು ಮೈ ತುಂಬಿಕೊಂಡಿದ್ದಾಳೆ. ಬಹಳ ಸಾಧು. ನನ್ನ ಮಗಳು ಹೊಟ್ಟೆ ಕೆಳಗೆ ನುಸುಳಿದರೂ ಅಲ್ಲಾಡುವುದಿಲ್ಲ.

ಆದರೆ ಈಚೆಗೆ ಜೀನು ತಂದರೆ ಸಾಕು, ಕಿವಿ ಹಿಂದಕ್ಕೆ. ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚೋಕೆ ಬರುತ್ತಾಳೆ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ. ಸವಾರಿ ಮುಗಿಸಿ ಜೀನು ತೆಗೆದರೆ ಬೆನ್ನೆಲ್ಲ ಬೆವರು, ಭುಜದ ಹಿಂದೆ ಎರಡೂ ಕಡೆ ಮಾತ್ರ ಅಂಗೈಯಗಲ ಒಣಗಿರುತ್ತದೆ. ಜೀನು ಕಾನ್ಪುರದ್ದು, ಕುದುರೆ ಜೊತೆಗೇ ಬಂದದ್ದು. ಗೊತ್ತಿರುವವರೊಬ್ಬರು ಜೀನಿನ ಕೆಳಗೆ ಇನ್ನೊಂದು ಫೋಮ್ ಪ್ಯಾಡ್ ಹಾಕಿ, ಎರಡು ಏಟು ಕೊಡಿ, ಸರಿಹೋಗುತ್ತಾಳೆ ಅಂದರು. ಹೊಡೆಯೋದು ನನ್ನ ಕೈಲಿ ಆಗಲ್ಲ. ಪ್ಯಾಡ್ ಹಾಕಿ ನೋಡಲಾ?

ಲಾಯದಮನೆ, ಮೈಸೂರು:

ಪ್ಯಾಡ್ ಬೇಡ. ಏಟಂತೂ ಬೇಡವೇ ಬೇಡ. ಇದು ತುಂಟತನ ಅಲ್ಲ, ನೋವು.

ಕುದುರೆ ಮೈ ತುಂಬಿಕೊಂಡಿದೆ, ಜೀನು ಇದ್ದ ಹಾಗೇ ಇದೆ. ಒಳಗಿನ ಚೌಕಟ್ಟು, ಟ್ರೀ ಅನ್ನುತ್ತೇವಲ್ಲ, ಅದು ಹಿಗ್ಗುವುದಿಲ್ಲ. ಸಣಕಲು ಬೆನ್ನಿಗೆ ಕೂರುತ್ತಿದ್ದದ್ದು ಈಗ ಭುಜದ ಹಿಂದೆ ಹಿಂಡುತ್ತಿದೆ ಅಂತ ನನ್ನ ಅನುಮಾನ. ಅಲ್ಲಿಗೆ ಇನ್ನೊಂದು ಪ್ಯಾಡ್ ತುರುಕುವುದು ಬಿಗಿ ಶೂ ಒಳಗೆ ಇನ್ನೊಂದು ಜೊತೆ ಸಾಕ್ಸ್ ಹಾಕಿದ ಹಾಗೆ.

ಆ ಒಣ ಜಾಗ ಮುಖ್ಯ. ಒತ್ತಡ ಜಾಸ್ತಿ ಬಿದ್ದ ಕಡೆ ಬೆವರು ಬರುವುದಿಲ್ಲ. ಆದರೆ ಜೀನು ಮುಟ್ಟದೇ ಇರುವ ಕಡೆಯೂ ಒಣಗಿರಬಹುದು, ಅದಕ್ಕೇ ಬರೀ ಕಣ್ಣಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಬೆನ್ನು ತಗ್ಗಿಸಿದರೆ, ಚರ್ಮ ನಡುಗಿದರೆ ಅಲ್ಲಿ ನೋವಿದೆ. ಹೀಗೇ ಬಿಟ್ಟರೆ ಅಲ್ಲಿ ಬಿಳಿ ಕೂದಲು ಹುಟ್ಟುತ್ತದೆ. ಬೇರು ಹಾಳಾಗಿರುತ್ತದೆ, ಮತ್ತೆ ಮೊದಲಿನ ಬಣ್ಣ ಬರೋದು ಕಷ್ಟ. ಕುದುರೆ ಕೊಳ್ಳುವವರು ಮೊದಲು ನೋಡಬೇಕಾದ್ದು ಅದನ್ನೇ. ನಮ್ಮಲ್ಲಿ ಹಲ್ಲು, ಸುಳಿ ಎಲ್ಲ ನೋಡುತ್ತಾರೆ, ಬೆನ್ನು ನೋಡುವವರು ಕಡಿಮೆ.

ನಾಳೆ ಬೆಳಿಗ್ಗೆ ಪ್ಯಾಡ್ ಇಲ್ಲದೆ ಬರೀ ಜೀನು ಇಡಿ. ಸ್ವಲ್ಪ ಮುಂದಿಟ್ಟು, ಕೂದಲು ಮಲಗಿರುವ ಕಡೆಗೆ ಹಿಂದಕ್ಕೆ ಜಾರಿಸಿ. ತಾನಾಗಿ ನಿಲ್ಲುವ ಜಾಗವೇ ಅದರ ಜಾಗ. ಭುಜದ ಮೂಳೆಯ ಮೇಲಲ್ಲ, ಹಿಂದೆ ಕೂರಬೇಕು. ಈಗ ಅಂಗೈಯನ್ನು ಚಪ್ಪಟೆಯಾಗಿ ಜೀನಿನ ಮುಂಭಾಗದ ಕೆಳಗೆ ತೂರಿಸಿ, ಮೇಲಿನಿಂದ ನಿಧಾನವಾಗಿ ಇಳಿಸಿ. ಒತ್ತು ಒಂದೇ ಸಮ ಇರಬೇಕು. ಎಲ್ಲಾದರೂ ಬೆರಳು ಸಿಕ್ಕಿಕೊಂಡರೆ ಕೈ ಅಲ್ಲೇ ಇರಲಿ. ಇನ್ನೊಬ್ಬರು ಆ ಬದಿಯ ಮುಂಗಾಲನ್ನು ಎತ್ತಿ ಮುಂದಕ್ಕೆ ಚಾಚಲಿ. ಭುಜದ ಮೇಲ್ತುದಿ ಹಿಂದಕ್ಕೆ ಸರಿದು ನಿಮ್ಮ ಬೆರಳನ್ನು ಜೀನಿಗೆ ಒತ್ತುತ್ತದೆ. ಪ್ರತಿ ಹೆಜ್ಜೆಗೂ ಅವಳಿಗೆ ಆಗುವುದು ಅದೇ, ಮೇಲೆ ನಿಮ್ಮ ತೂಕ ಬೇರೆ.

ಹಿಂದುಗಡೆಯೂ ನೋಡಿ. ಕೊನೆಯ ಪಕ್ಕೆಲುಬನ್ನು ಕೈಯಲ್ಲಿ ಹುಡುಕಿ ಬೆನ್ನುಮೂಳೆವರೆಗೂ ಹೋಗಿ. ಜೀನು ಅದನ್ನು ದಾಟಬಾರದು. ಕಾಠಿಯಾವಾಡಿ ಗಿಡ್ಡ ಬೆನ್ನಿನ ಕುದುರೆ, ಉದ್ದ ಜೀನು ಸೊಂಟದ ಮೇಲೆ ಹೋಗಿಬಿಡುತ್ತದೆ. ಜೀನಿನ ಅಡಿಯಲ್ಲಿ ಬೆನ್ನುಮೂಳೆಯ ಮೇಲಿನ ಸಂದು ಮುಂದಿನಿಂದ ಹಿಂದಿನವರೆಗೂ ಮೂರು ನಾಲ್ಕು ಬೆರಳು ಅಗಲ ಇರಲಿ.

ಟ್ರೀ ಕಿರಿದು ಅಂತ ಗೊತ್ತಾದರೆ ಒಳಗೆ ಉಣ್ಣೆ ತುಂಬಿಸಿ ಪ್ರಯೋಜನವಿಲ್ಲ. ಜೀನೇ ಬದಲಾಗಬೇಕು. ಅಂಗಡಿಗೆ ಕುದುರೆ ಕರೆದೊಯ್ಯೋಕೆ ಆಗಲ್ಲ, ಅಳತೆ ಒಯ್ಯಬಹುದು. ಅರ್ತಿಂಗ್‌ಗೆ ಹಾಕುವ ದಪ್ಪ ತಾಮ್ರದ ತಂತಿಯನ್ನು ಭುಜದ ಹಿಂದೆ ಎರಡು ಬೆರಳು ಬಿಟ್ಟು ಬೆನ್ನಿಗೆ ಅಡ್ಡಲಾಗಿ ಒತ್ತಿ, ಆ ಆಕಾರವನ್ನು ರಟ್ಟಿನ ಮೇಲೆ ಎಳೆದು ಕತ್ತರಿಸಿ. ಅಲ್ಲಿಯವರೆಗೆ ಸವಾರಿ ಬೇಡ, ಕೈಯಲ್ಲಿ ಹಿಡಿದು ನಡೆಸಿ.

ಮಂಡ್ಯ ಪಶುವೈದ್ಯ:

ಮೇಲಿನ ಮಾತಿಗೆ ನನ್ನ ಒಪ್ಪಿಗೆ ಇದೆ. ಒಂದು ಸೇರಿಸುತ್ತೇನೆ. ಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು ಹೊಟ್ಟೆಯ ಹುಣ್ಣಿನಿಂದಲೂ ಇರಬಹುದು. ಬಹಳ ಹೊತ್ತು ಮೇವಿಲ್ಲದೆ ನಿಲ್ಲಿಸಬೇಡಿ. ಜೀನು ಬದಲಿಸಿದ ಮೇಲೂ ಹೀಗೇ ಇದ್ದರೆ ಹತ್ತಿರದ ವೈದ್ಯರಿಗೆ ತೋರಿಸಿ.

ಕುಕ್ಕರಹಳ್ಳಿ ರೈಡರ್:

ಹೊಟ್ಟೆಪಟ್ಟಿ ತೊಳೆಯುತ್ತೀರಾ? ಬೆವರಿನ ಉಪ್ಪು, ಕೂದಲು ಸೇರಿ ಒಣಗಿದರೆ ಮೊಣಕೈ ಹಿಂದೆ ಚರ್ಮ ಕಿತ್ತುಬರುತ್ತದೆ. ಒಂದೇ ಸಲ ಎಳೆದು ಕಟ್ಟಬೇಡಿ. ಸಡಿಲ ಕಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಒಂದೊಂದೇ ತೂತು ಬಿಗಿ ಮಾಡಿ. ಕೊನೆಗೆ ಮುಂಗಾಲು ಎರಡನ್ನೂ ಒಂದೊಂದಾಗಿ ಮುಂದಕ್ಕೆಳೆದರೆ ಪಟ್ಟಿ ಕೆಳಗಿನ ಚರ್ಮದ ಮಡಿಕೆ ಬಿಡುತ್ತದೆ.

ಇನ್ನು ಆಷಾಢದ ಜಡಿಮಳೆಯಲ್ಲಿ ಜೀನಿಗೆ ಬೂಷ್ಟು ಹಿಡಿಯೋದು ಗ್ಯಾರಂಟಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಹಳೇ ಕಾಟನ್ ಸೀರೆ ಸಾಕು. ಸವಾರಿ ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಗ್ಲಿಸರಿನ್ ಸೋಪು ಸವರಿ, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಚರ್ಮ ಬಿರುಕು ಬಿಡುತ್ತದೆ. ಎಣ್ಣೆ ಅಪರೂಪಕ್ಕೆ, ತೆಳುವಾಗಿ. ಜಾಸ್ತಿ ಹಾಕಿದರೆ ಹೊಲಿಗೆ ಕೊಳೆಯುತ್ತದೆ. ಕಾಲಿಡುವ ರಿಕಾಪಿನ ಪಟ್ಟಿಗಳ ಹೊಲಿಗೆ ಎಳೆದು ನೋಡಿ, ಪ್ರಾಣ ನಿಂತಿರೋದು ಅದರ ಮೇಲೆ.

ಗಂಜಾಂ ಸವಾರ:

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೆ ಕೈ ಇಟ್ಟು ನೋಡಿದೆ. ಎರಡೂ ಕಡೆ ಬೆರಳು ಸಿಕ್ಕಿಕೊಂಡಿತು. ಕಾಲು ಚಾಚಿದಾಗ ಎಡಗಡೆ ತಡೆಯೋಕೇ ಆಗಲಿಲ್ಲ. ಸವಾರಿ ನಿಲ್ಲಿಸಿದ್ದೇನೆ. ತಂತಿ ಅಳತೆಯಲ್ಲೂ ಎಡಭುಜ ದಪ್ಪ ಬಂದಿದೆ. ನನ್ನ ಅಳತೆ ತಪ್ಪಾ, ಕುದುರೆಗೇ ಹಾಗಿರುತ್ತಾ?

ಲಾಯದಮನೆ, ಮೈಸೂರು:

ಕುದುರೆಗೇ ಹಾಗಿರುತ್ತದೆ. ಎರಡೂ ಭುಜ ಒಂದೇ ಸಮ ಇರುವ ಕುದುರೆ ಅಪರೂಪ. ಜೀನನ್ನು ದಪ್ಪ ಭುಜಕ್ಕೆ ಹೊಂದುವಂತೆ ಆರಿಸಿ. ಬಲಗಡೆ ಉಳಿಯುವ ಸಂದಿಗೆ ತೆಳು ಫೆಲ್ಟ್ ತುಂಡು ಕೊಡಬಹುದು. ಪ್ಯಾಡ್‌ಗೆ ಕೆಲಸ ಇರೋದು ಅಲ್ಲಿ. ಹತ್ತುವಾಗ ಕಲ್ಲುಕಟ್ಟೆಯೋ ಸ್ಟೂಲೋ ಬಳಸಿ, ನೆಲದಿಂದ ರಿಕಾಪಿಗೆ ಜೋತುಬಿದ್ದು ಹತ್ತಿದರೆ ಜೀನು ದಿನಾ ಒಂದೇ ಕಡೆಗೆ ತಿರುಚಿಕೊಳ್ಳುತ್ತದೆ. ರಟ್ಟಿನ ಮೇಲೆ ತಾರೀಕು ಬರೆದಿಡಿ. ಮಳೆಗಾಲದ ಹುಲ್ಲು ಮುಗಿದ ಮೇಲೆ ಮತ್ತೆ ಅಳೆಯಿರಿ, ಮೈ ಬದಲಾಗಿರುತ್ತದೆ.